ಮೂಗಿಗೆ ಮಾಸ್ಕ್ ಅಂಟಿಸಿಕೊಂಡು ಮಲಗಿದವರು

ಅಪ್ಪ ಮಗ್ಗುಲಾದರೆ ಸಾಕು, ದಿಂಬು ತಾಗಿ ಸಿಪ್ಯಾಪ್ ಮಾಸ್ಕ್ ಸರಿದು ಬುಸ್ ಅಂತ ಗಾಳಿ ಸೋರುತ್ತಿತ್ತು. ಸಿಟ್ಟಿನಿಂದ ಕಿತ್ತಿಡುತ್ತಿದ್ದರು. ಆಮೇಲೆ ಗೊರಕೆ, ನಡುವೆ ಉಸಿರೇ ನಿಂತ ಮೌನ... ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಈ ಸೋರಿಕೆಯ ಕಥೆ ಹಳೆಯದು. 1980ರಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್ ಮೂಗಿನಿಂದ ಗಾಳಿ ಊದಿ, ನಿದ್ದೆಯಲ್ಲಿ ಗಂಟಲು ಮುಚ್ಚಿಕೊಳ್ಳದಂತೆ ಮಾಡಿದರು. 1981ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಐದು ರೋಗಿಗಳ ವರದಿ ಬಂತು. ಶುರುವಿನ ಯಂತ್ರಗಳಲ್ಲಿದ್ದದ್ದು ವ್ಯಾಕ್ಯೂಮ್ ಕ್ಲೀನರ್ ಮೋಟಾರು! ಮಾಸ್ಕನ್ನಂತೂ ದಿನಾ ರಾತ್ರಿ ಸಿಲಿಕೋನ್ ಅಂಟಿನಿಂದ ಮೂಗಿಗೆ ಅಂಟಿಸಿ, ಬೆಳಗ್ಗೆ ಕೀಳಬೇಕಿತ್ತು.

ಮುಂದೆ ಪಟ್ಟಿಗಳು, ಮೆತ್ತನೆಯ ಸಿಲಿಕೋನ್ ಅಂಚು ಬಂದವು. ಅತಿಯಾಗಿ ಬಿಗಿದರೆ ಅಂಚು ಸುಕ್ಕಾಗಿ ಇನ್ನೂ ಸೋರುತ್ತೆ. ಆಮೇಲೆ ಬಂದದ್ದು ಮೂಗಿನ ಹೊಳ್ಳೆಗಷ್ಟೇ ಕೂರುವ ಪುಟ್ಟ ಮೆತ್ತೆ, ನೆತ್ತಿಯಿಂದ ಇಳಿಯುವ ಕೊಳವೆ. ಬೋರಲು ಮಲಗುವವರಿಗೂ ದಿಂಬಿನ ಕಾಟ ಕಮ್ಮಿ.

ಅಪ್ಪನಿಗೆ ಅದನ್ನೇ ತಂದೆ. ನಿನ್ನೆ ಗೋಡೆ ಕಡೆ ತಿರುಗಿ ಬೆಳಗಿನವರೆಗೂ ಮಲಗಿದ್ದರು. ನಾನೂ :)