ಜಿಎಸ್‌ಟಿ: ಒಂದೇ ತೆರಿಗೆಯಿಂದ ದೇಶಕ್ಕೇನಾಯ್ತು, ನಮ್ಮ ಅಂಗಡಿಗೇನು? ಇಲ್ಲಿದೆ ಮಾಹಿತಿ

2017ರ ಜುಲೈ 1ರಿಂದ ದೇಶಾದ್ಯಂತ ಜಿಎಸ್‌ಟಿ ಜಾರಿಯಲ್ಲಿದೆ. ಆದರೂ ಇದು ಯಾರ ಜೇಬಿನಿಂದ ಹೋಗುತ್ತೆ ಅನ್ನೋ ಗೊಂದಲ ಇನ್ನೂ ಇದೆ. ಉತ್ತರ ಇರೋದು ನೀವು ಮಾಲು ತರುವಾಗ ಪಡೆಯುವ ಬಿಲ್‌ನಲ್ಲಿ.

ಮೊದಲು ಹೇಗಿತ್ತು?

ಫ್ಯಾಕ್ಟರಿಯಲ್ಲಿ ಕೇಂದ್ರದ ಎಕ್ಸೈಸ್ ಸುಂಕ, ರಾಜ್ಯದೊಳಗೆ ಮಾರಿದರೆ ವ್ಯಾಟ್, ಬೇರೆ ರಾಜ್ಯಕ್ಕೆ ಮಾರಿದರೆ ಸಿಎಸ್‌ಟಿ, ಜೊತೆಗೆ ಪ್ರವೇಶ ತೆರಿಗೆ. ಎಕ್ಸೈಸ್ ಸೇರಿದ ರೇಟಿನ ಮೇಲೇ ವ್ಯಾಟ್ ಬೀಳ್ತಿತ್ತು. ಅಂದ್ರೆ ತೆರಿಗೆ ಮೇಲೆ ತೆರಿಗೆ. ರಾಜ್ಯದ ಗಡಿಗಳಲ್ಲಿ ಲಾರಿಗಳು ತೆರಿಗೆ ಚೆಕ್‌ಪೋಸ್ಟ್ ಮುಂದೆ ಸಾಲುಗಟ್ಟಿ ನಿಲ್ಲಬೇಕಿತ್ತು.

ಈಗ ಏನಾಗಿದೆ?

ಆ ಚೆಕ್‌ಪೋಸ್ಟ್‌ಗಳು ಹೋದವು. ದೇಶ ಒಂದೇ ಮಾರುಕಟ್ಟೆಯಾಯಿತು. ತೆರಿಗೆ ಮಾಲು ತಯಾರಾದ ಕಡೆಗಲ್ಲ, ಬಳಕೆಯಾದ ಕಡೆಗೆ ಸೇರುತ್ತೆ. ಸೂರತ್‌ನ ಸೀರೆ ನಮ್ಮ ತಾಲ್ಲೂಕಿನಲ್ಲಿ ಮಾರಾಟವಾದರೆ ಅದರ ರಾಜ್ಯದ ಪಾಲು ಕರ್ನಾಟಕಕ್ಕೆ.

ಇದಕ್ಕೆ ಪ್ರತಿಯಾಗಿ ರಾಜ್ಯಗಳು ತಮ್ಮಷ್ಟಕ್ಕೆ ತೆರಿಗೆ ದರ ನಿಗದಿ ಮಾಡೋ ಅಧಿಕಾರವನ್ನು ಬಹುಪಾಲು ಬಿಟ್ಟುಕೊಟ್ಟವು. ದರ ಈಗ ಜಿಎಸ್‌ಟಿ ಮಂಡಳಿಯಲ್ಲಿ ತೀರ್ಮಾನವಾಗುತ್ತೆ. ಅಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ಭಾಗ ತೂಕ, ಎಲ್ಲ ರಾಜ್ಯಗಳಿಗೆ ಸೇರಿ ಮೂರನೇ ಎರಡು ಭಾಗ. ಆದಾಯ ಕಡಿಮೆಯಾದ ರಾಜ್ಯಗಳಿಗೆ ಕೇಂದ್ರ ಕೊಡುತ್ತಿದ್ದ ಪರಿಹಾರದ 5 ವರ್ಷದ ಅವಧಿ 2022ರ ಜೂನ್‌ಗೆ ಮುಗಿದಿದೆ. ಪೆಟ್ರೋಲ್, ಡೀಸೆಲ್, ಮದ್ಯ ಇನ್ನೂ ಜಿಎಸ್‌ಟಿ ಹೊರಗಿವೆ.

ಬಿಲ್ ಯಾಕೆ ಮುಖ್ಯ?

ಒಂದು ಲೆಕ್ಕ ನೋಡಿ. 1,000 ರೂಪಾಯಿಯ ಸೋಪು ತರ್ತೀರಿ, 5% ಅಂದ್ರೆ 50 ರೂಪಾಯಿ ತೆರಿಗೆ ಕೊಡ್ತೀರಿ. ಅದನ್ನು 1,200ಕ್ಕೆ ಮಾರಿ ಗ್ರಾಹಕರಿಂದ 60 ರೂಪಾಯಿ ತೆರಿಗೆ ಪಡೀತೀರಿ. ಸರ್ಕಾರಕ್ಕೆ ಕಟ್ಟೋದು 10 ರೂಪಾಯಿ ಮಾತ್ರ. ಮೊದಲು ಕೊಟ್ಟ 50 ರೂಪಾಯಿಯೇ ಇನ್‌ಪುಟ್ ಕ್ರೆಡಿಟ್. ಬಿಲ್ ಇಲ್ಲದೆ ಮಾಲು ತಂದರೆ ಅಥವಾ ಸಪ್ಲೈಯರ್ ರಿಟರ್ನ್ ಹಾಕದೇ ಇದ್ದರೆ ಈ ಕ್ರೆಡಿಟ್ ಸಿಗಲ್ಲ, ಪೂರ್ತಿ 60 ರೂಪಾಯಿ ನೀವೇ ಕಟ್ಟಬೇಕು.

ಯಾರು ನೋಂದಣಿ ಮಾಡಿಸಬೇಕು?

* ಸರಕು ಮಾರುವವರು: ವರ್ಷದ ವಹಿವಾಟು 40 ಲಕ್ಷ ದಾಟಿದರೆ.
* ಸೇವೆ ಕೊಡುವವರು: 20 ಲಕ್ಷ ದಾಟಿದರೆ.
* ತೆರಿಗೆ ಇಲ್ಲದ ಹಾಲು, ತರಕಾರಿ, ಹಣ್ಣು ಮಾತ್ರ ಮಾರುವವರು: ನೋಂದಣಿ ಬೇಕಿಲ್ಲ.

1.5 ಕೋಟಿವರೆಗಿನ ವ್ಯಾಪಾರಿಗಳಿಗೆ ರಾಜಿ ತೆರಿಗೆ ಅಂದ್ರೆ ಕಾಂಪೋಸಿಷನ್ ಪದ್ಧತಿ ಇದೆ. ಅಂಗಡಿಗೆ 1%, ಹೋಟೆಲಿಗೆ 5%. ಲೆಕ್ಕಪತ್ರ ಸುಲಭ. ಆದ್ರೆ ಕ್ರೆಡಿಟ್ ಇಲ್ಲ, ಗ್ರಾಹಕರ ಬಿಲ್‌ನಲ್ಲಿ ತೆರಿಗೆ ಹಾಕುವಂತಿಲ್ಲ, ಬೇರೆ ರಾಜ್ಯಕ್ಕೆ ಮಾರುವಂತಿಲ್ಲ.

ಯುಪಿಐ ನೋಟಿಸ್ ನೆನಪಿದೆಯಾ?

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತ್ತು. ಅನೇಕರು ಕ್ಯೂಆರ್ ಕೋಡ್ ತೆಗೆದು ನಗದಿಗೆ ಮರಳಿದರು. ಹಳೇ ಬಾಕಿ ವಸೂಲಿ ಮಾಡಲ್ಲ, ಆದ್ರೆ ನೋಂದಣಿ ಮಾಡಿಸಿಕೊಳ್ಳಿ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಆಮೇಲೆ ಹೇಳಿದ್ರು. ನೆನಪಿಡಿ: ಲೆಕ್ಕಕ್ಕೆ ಬರೋದು ಒಟ್ಟು ವಹಿವಾಟು, ಅದು ನಗದಾಗಿರಲಿ, ಯುಪಿಐ ಆಗಿರಲಿ. ಮನೆಯವರು, ಸ್ನೇಹಿತರು ಹಾಕಿದ ದುಡ್ಡು ವಹಿವಾಟಲ್ಲ. ಅದನ್ನು ತೋರಿಸೋಕೆ ಅಂಗಡಿಗೆ ಬೇರೆ ಖಾತೆ, ಮನೆಗೆ ಬೇರೆ ಖಾತೆ ಇಟ್ಟುಕೊಳ್ಳೋದು ಒಳ್ಳೇದು.

2025ರ ಸೆಪ್ಟೆಂಬರ್ 22ರಿಂದ ಬಹುತೇಕ ಸರಕು 5% ಅಥವಾ 18%ರಲ್ಲಿವೆ. ಸೋಪು, ಶಾಂಪೂ, ಬಿಸ್ಕತ್ತು 18ರಿಂದ 5ಕ್ಕೆ ಇಳಿದಿವೆ, ಸಿಮೆಂಟ್ 28ರಿಂದ 18ಕ್ಕೆ. ಸಪ್ಲೈಯರ್ ಬಿಲ್‌ನಲ್ಲಿ ಹೊಸ ದರ ಇದೆಯಾ ಅಂತ ನೋಡಿಯೇ ದುಡ್ಡು ಕೊಡಿ.