ಸೈಟೊಕೈನ್ ಮತ್ತು ತೀವ್ರ ರಕ್ತಕ್ಯಾನ್ಸರ್

ರಕ್ತಕಣಗಳು ಯಾವಾಗ ವಿಭಜಿಸಬೇಕು, ಬಲಿಯಬೇಕು, ಸಾಯಬೇಕು ಎಂಬ ಸಂದೇಶ ಹೊತ್ತ ಸಣ್ಣ ಪ್ರೋಟೀನುಗಳೇ ಸೈಟೊಕೈನ್‌ಗಳು. ಜೀವಕೋಶದ ಹೊರಪೊರೆಯ ಗ್ರಾಹಕಗಳು ಆ ಸಂದೇಶವನ್ನು ಒಳಕ್ಕೆ ದಾಟಿಸುತ್ತವೆ. 1960ರ ದಶಕದಲ್ಲಿ ಮೆಲ್ಬರ್ನ್‌ನ ಡೊನಾಲ್ಡ್ ಮೆಟ್‌ಕಾಫ್ ಮತ್ತು ಇಸ್ರೇಲಿನ ಲಿಯೊ ಸ್ಯಾಕ್ಸ್ ನಡೆಸಿದ ಪ್ರತ್ಯೇಕ ಪ್ರಯೋಗಗಳು ಈ ಅಧ್ಯಯನಕ್ಕೆ ಬುನಾದಿ ಹಾಕಿದವು.

ಕಾಯಿಲೆಯಲ್ಲಿ ಕೆಡುವುದು ಹಲವೊಮ್ಮೆ ಸಂದೇಶವಲ್ಲ, ಗ್ರಾಹಕ. ತೀವ್ರ ಮೈಲಾಯ್ಡ್ ರಕ್ತಕ್ಯಾನ್ಸರಿನ ಸುಮಾರು ಕಾಲು ಭಾಗ ವಯಸ್ಕರಲ್ಲಿ ಎಫ್‌ಎಲ್‌ಟಿ3 ಗ್ರಾಹಕದ ಜೀನಿನ ತುಣುಕೊಂದು ಇಮ್ಮಡಿಯಾಗಿರುತ್ತದೆ. ಜಪಾನಿನ ಸಂಶೋಧಕರು ಇದನ್ನು 1996ರಲ್ಲಿ ವರದಿ ಮಾಡಿದರು. ಕರೆಗಂಟೆಯ ಗುಂಡಿ ಒಳಕ್ಕೆ ಸಿಕ್ಕಿಕೊಂಡಂತೆ, ಸಂದೇಶ ಬಾರದಿದ್ದರೂ ಗ್ರಾಹಕ ಕೂಗುತ್ತಲೇ ಇರುತ್ತದೆ. ರೋಗ ಮರುಕಳಿಸುವ ಸಂಭವವೂ ಹೆಚ್ಚು. ಆ ಗ್ರಾಹಕವನ್ನು ತಡೆಯುವ ಔಷಧ ಮಿಡೊಸ್ಟಾರಿನ್‌ಗೆ 2017ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ತೀವ್ರ ಲಿಂಫಾಯ್ಡ್ ಬಗೆಯಲ್ಲಿ ಟಿ ಕೋಶಗಳ ಇಂಟರ್‌ಲ್ಯೂಕಿನ್-7 ಎಂಬ ಸೈಟೊಕೈನಿನ ಗ್ರಾಹಕವೂ ಹೀಗೆ ಕೆಡುವುದುಂಟು.

ಗ್ರಾಹಕದ ಇಂಥ ದೋಷ ಪತ್ತೆಗೆ ಮೂಳೆಮಜ್ಜೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರಷ್ಟೇ ಇಂದು ಸಾಲದು, ಜೀನ್ ಪರೀಕ್ಷೆ ಬೇಕು.

ಚಿಕಿತ್ಸೆಯೇ ಸೈಟೊಕೈನ್ ಹೊಳೆ ಹರಿಸುವುದೂ ಇದೆ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರದ ಸಂಶೋಧನೆಯಿಂದ ಬಂದ, 2023ರ ಅಕ್ಟೋಬರ್‌ನಲ್ಲಿ ಅನುಮತಿ ಪಡೆದ ನೆಕ್ಸ್‌ಕಾರ್19ನಂಥ ಕಾರ್-ಟಿ ಚಿಕಿತ್ಸೆಯಲ್ಲಿ (ರೋಗಿಯ ಟಿ ಕೋಶಗಳನ್ನೇ ಮಾರ್ಪಡಿಸಿ ಮರಳಿ ಕೊಡುವ ಚಿಕಿತ್ಸೆ) ಜ್ವರ ಏರಿ ರಕ್ತದೊತ್ತಡ ಕುಸಿಯಬಹುದು. ಆಗ ಇಂಟರ್‌ಲ್ಯೂಕಿನ್-6 ಗ್ರಾಹಕವನ್ನು ಮುಚ್ಚುವ ಟೊಸಿಲಿಜುಮ್ಯಾಬ್ ಕೊಡುತ್ತಾರೆ.