ಮುನ್ನೂರಿಪ್ಪತ್ತು ಎಲೆಗಳಿಗೆ ಮೊದಲು

ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. ಅದಕ್ಕೆ ಇಟ್ಟದ್ದು ಹತ್ತನೆಯ ಚಾಮರಾಜೇಂದ್ರ ಒಡೆಯರ ಹೆಸರು. ಅವರನ್ನು 1865ರಲ್ಲಿ ದತ್ತು ತೆಗೆದುಕೊಂಡ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಟಗಳ ಹುಚ್ಚು. ಇಂದಿನ ಹುಡುಗರು ಕಂಪ್ಯೂಟರಿನಲ್ಲಿ ದೇವರು, ರಾಕ್ಷಸ, ಸೈನ್ಯಗಳನ್ನು ನಡೆಸುವ ಆಟ ಕಲಿಯಲು ತಿಂಗಳುಗಟ್ಟಲೆ ಒದ್ದಾಡುತ್ತಾರಲ್ಲ, ಅದರ ಅಜ್ಜನಂಥ ಆಟಗಳು ಮುಮ್ಮಡಿಯವರ ಅರಮನೆಯಲ್ಲಿದ್ದವು.

ಅವರ ಹೆಸರಿನ ಶ್ರೀತತ್ತ್ವನಿಧಿಯಲ್ಲಿ ಒಂಬತ್ತು ನಿಧಿಗಳು. ಕೊನೆಯದು ಕೌತುಕನಿಧಿ. ಗಂಜೀಫಾ ಆಟದ ಹದಿಮೂರು ಬಗೆಗಳು ಅಲ್ಲಿವೆ, 36 ಎಲೆಗಳದ್ದರಿಂದ 360 ಎಲೆಗಳದ್ದರವರೆಗೆ. ಚಾಮುಂಡೇಶ್ವರಿ ಛದ ಒಂದರಲ್ಲೇ 320. ಛದ ಎಂದರೆ ಎಲೆ. ಇಸ್ಪೀಟಿಗೂ ನಾವು ಎಲೆ ಅಂತಲೇ ಅನ್ನುವುದು. ಈ ಆಟ ಹುಟ್ಟಿದ್ದು ಮೈಸೂರಿನಲ್ಲಲ್ಲ. ಬಾಬರ್ 1527ರಲ್ಲಿ ಗೆಳೆಯನೊಬ್ಬನಿಗೆ ಗಂಜೀಫಾ ಕಳಿಸಿದ್ದನ್ನು ಬರೆದಿಟ್ಟಿದ್ದಾನೆ. ಅಕ್ಬರನ ಕಟ್ಟಿನಲ್ಲಿ ಅಶ್ವಪತಿ, ಗಜಪತಿಯರ ಜೊತೆಗೆ ಹಾವುಗಳ ದೊರೆ ಅಹಿಪತಿಯೂ ಇದ್ದ.

ಹೊಸದಾಗಿ ಕಲಿಯುವವರು ನೇರವಾಗಿ 320ಕ್ಕೆ ಕೈಹಾಕಬೇಡಿ. ದಶಾವತಾರದ ಕಟ್ಟು ಸಾಕು: ಹತ್ತು ಅವತಾರ, ಒಂದೊಂದಕ್ಕೆ ರಾಜ, ಮಂತ್ರಿ ಮತ್ತು 1ರಿಂದ 10, ಒಟ್ಟು 120 ದುಂಡನೆಯ ಎಲೆಗಳು. ಅದೂ ಹೆಚ್ಚಾಯಿತೆನಿಸಿದರೆ ರಾಮ, ಕೃಷ್ಣ, ಮತ್ಸ್ಯ ಮೂರನ್ನೇ ಇಟ್ಟುಕೊಂಡು ಮೂವರು ಆಡಿ. 36 ಎಲೆ, ತಲೆಗೆ ಹನ್ನೆರಡು. ಕೊಳ್ಳಲು ಹೋಗಬೇಡಿ, ಮೈಸೂರು ಗಂಜೀಫಾಕ್ಕೆ ರಘುಪತಿ ಭಟ್ಟರಂಥ ಕಲಾವಿದರು ಮರುಜೀವ ಕೊಟ್ಟರು ನಿಜ, ಆದರೆ ಕೊಂಡವರು ಗಾಜು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ, ಆಡುವುದಿಲ್ಲ. ಹಳೆಯ ಲಗ್ನಪತ್ರಿಕೆಗಳ ಮೇಲೆ ಬಳೆಯಿಟ್ಟು ಗೆರೆ ಎಳೆದು ಕತ್ತರಿಸಿಕೊಳ್ಳಿ. ಮೀನಿಗೊಂದು ಗೀಟು, ಬಿಲ್ಲಿಗೊಂದು ಗೀಟು, ಸಾಕು.

ಹೊಸಬರನ್ನು ಕೆಡವುವುದು ಎಲೆಗಳ ಸಂಖ್ಯೆಯಲ್ಲ, ಕ್ರಮ. ಎಲ್ಲ ಪಂಗಡದಲ್ಲೂ ರಾಜ ದೊಡ್ಡವನು, ಮಂತ್ರಿ ಅವನ ಕೆಳಗೆ. ಆಮೇಲೆ ಐದು ಅವತಾರಗಳಲ್ಲಿ 10 ದೊಡ್ಡದು, 1 ಕೊನೆ. ಉಳಿದ ಐದರಲ್ಲಿ ತಿರುವುಮುರುವು: ಮಂತ್ರಿಯ ಹಿಂದೆಯೇ 1, ಕಟ್ಟಕಡೆಗೆ 10. ರಾಮ, ಕೃಷ್ಣ ಒಂದು ಗುಂಪು, ಮತ್ಸ್ಯ ಇನ್ನೊಂದು. ಅದಕ್ಕೇ ನಾನು ಆ ಮೂರನ್ನು ಹೇಳಿದ್ದು. ತುರುಪು ಇಲ್ಲವಾದ್ದರಿಂದ ಅದೃಷ್ಟದ ಆಸರೆಯೂ ಕಡಿಮೆ. ರಾಜ ಇಳಿದುಹೋದ ಕ್ಷಣ ಮಂತ್ರಿಯೇ ಆ ಪಂಗಡದ ದೊರೆ. ಮಂತ್ರಿಯೂ ಹೋದನೋ, ನಿಮ್ಮ ಕೈಯಲ್ಲಿ ಸುಮ್ಮನೆ ಬಿದ್ದಿದ್ದ ಸಣ್ಣ ಎಲೆಗೆ ಪಟ್ಟ. ಹೋದ ಎಲೆಗಳನ್ನು ನೆನಪಿಡುವುದೇ ಮುಕ್ಕಾಲು ಆಟ.

ಇದನ್ನು ಬರೆಯುವಾಗ ಆ ರಾಜನ ಸ್ಥಿತಿಯನ್ನು ಮರೆಯಲು ನನಗಾಗುವುದಿಲ್ಲ. ನಗರದ ರೈತ ದಂಗೆಯ ನೆಪದಲ್ಲಿ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಮುಮ್ಮಡಿಯವರಿಂದ ಕಸಿದುಕೊಂಡರು. ಕಮಿಷನರರ ಕಚೇರಿ ಕೂತದ್ದು ಬೆಂಗಳೂರು ಕೋಟೆಯೊಳಗೆ, ಟಿಪ್ಪುವಿನ ಅರಮನೆಯಲ್ಲಿ. ಚಾಮರಾಜಪೇಟೆಯಿಂದ ನಡೆದೇ ಹೋಗುವಷ್ಟು ದೂರ. ನಾಡಿನ ನಿಜವಾದ ರಾಜ, ಮಂತ್ರಿ, ದಂಡು ಎಲ್ಲ ಇಲ್ಲಿ ನಡೆಯುತ್ತಿದ್ದವು. ಮೈಸೂರಿನಲ್ಲಿ ಉಳಿದ ದೊರೆಯ ಕೈಗೆ ಸಿಕ್ಕಿದ್ದು ಎಲೆಗಳ ಮೇಲಿನ ರಾಜ, ಮಂತ್ರಿ. ಜೊತೆಗೆ ಚದುರಂಗದ ಕುದುರೆ. ಅದನ್ನು ಯಾವ ಮನೆಗೂ ಎರಡು ಸಲ ಹೋಗದಂತೆ ಇಡೀ ಹಾಸಿನ ಮೇಲೆ ಓಡಿಸುವ ಬಗೆಗಳನ್ನು ಅವರು ಹುಡುಕುತ್ತಿದ್ದರು. ಹೀಗೆ 37 ವರ್ಷ. ಕಾಲಹರಣ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. 360 ಎಲೆಗಳಿಗೆ ಸ್ಥಾನಮಾನ ಗೊತ್ತುಮಾಡುವುದೂ ಒಂದು ರಾಜ್ಯಭಾರವೇ. ಮುಮ್ಮಡಿಯವರು ತೀರಿಕೊಂಡ 1868ರಲ್ಲೇ ಕೋಟೆಯ ಕಚೇರಿಗಳು ಹೊಸದಾಗಿ ಕಟ್ಟಿದ ಅಠಾರಾ ಕಚೇರಿಗೆ ಸಾಗಿದವು.

ಇನ್ನೊಂದು ಮಾತು ಹೇಳುವುದಿತ್ತು. ಮೊದಲ ಎಲೆ ಇಳಿಸುವವರು ಯಾರೆಂದು ಜಗಳ ಬೇಡ. ಹಗಲಾದರೆ ರಾಮನ ರಾಜ ಯಾರ ಕೈಯಲ್ಲಿದ್ದಾನೋ ಅವರು, ದೀಪ ಹಚ್ಚಿದ ಮೇಲೆ ಕೃಷ್ಣನ ರಾಜ ಇದ್ದವರು.